ಹದ್ದಿನ ಬಾಲ ನೋಡು

ಪುಟ್ಟೀ, ಮೊನ್ನೆ ಚಿಕ್ಕಪ್ಪ ಅಮೆರಿಕದಿಂದ ತಂದುಕೊಟ್ಟ ಕ್ವಾರ್ಟರ್ ಹಿಡಿದುಕೊಂಡು ಬಂದು, ಇನ್ನು ಮೇಲೆ ಹದ್ದು ಇರುವ ನಾಣ್ಯ ಮಾತ್ರ ಕೂಡಿಡುತ್ತೇನೆ ಅಂದೆಯಲ್ಲ, ಖುಷಿಯಾಯಿತು. ಸಿಕ್ಕಿದ್ದನ್ನೆಲ್ಲ ಡಬ್ಬಿಗೆ ತುಂಬುವವರೇ ಬಹಳ. ನಾನೂ ಹತ್ತು ವರ್ಷ ಅದನ್ನೇ ಮಾಡಿದೆ. ಒಂದೇ ಹಕ್ಕಿಯ ಬೆನ್ನು ಹತ್ತಿದರೆ ದಾರಿ ಎಲ್ಲೆಲ್ಲಿಗೋ ಹೋಗುತ್ತದೆ. ಈಜಿಪ್ಟಿನ ಟಾಲೆಮಿ ರಾಜರ ನಾಣ್ಯದಲ್ಲಿ ಅದು ಸಿಡಿಲಿನ ಮೇಲೆ ಕೂತಿದೆ. ಮೆಕ್ಸಿಕೋದಲ್ಲಿ ಪಾಪಾಸುಕಳ್ಳಿ ಏರಿ ಹಾವನ್ನು ಕಚ್ಚಿ ಹಿಡಿದಿದೆ. ನಿನ್ನ ಕ್ವಾರ್ಟರಿನ ಹಿಂಬದಿಗೆ 1932ರಲ್ಲಿ ಬಂದ ಹದ್ದು 1999ರಲ್ಲಿ ಒಂದೊಂದು ರಾಜ್ಯದ ಚಿತ್ರಕ್ಕೆ ಜಾಗ ಬಿಟ್ಟುಕೊಟ್ಟಿತು. ಅಂಥದ್ದು ಬೇಕಿದ್ದರೆ ಚಿಕ್ಕಪ್ಪನ ಚಿಲ್ಲರೆ ಡಬ್ಬಿಯಲ್ಲಿ ಹುಡುಕು, ಅಂಗಡಿಯಲ್ಲಿ ದುಡ್ಡು ಸುರಿಯಬೇಡ.

ನನ್ನ ಟ್ರಂಕಿನಲ್ಲಿ ನಿನಗೆಂದು ಎತ್ತಿಟ್ಟದ್ದು ಒಂದಿದೆ. ನಮ್ಮಪ್ಪನ ಗೆಳೆಯರೊಬ್ಬರು ಏಡನ್ನಿನಲ್ಲಿ ಗುಮಾಸ್ತರಾಗಿದ್ದರು, ಊರಿಗೆ ಮರಳುವಾಗ ತಂದದ್ದು. 40 ಮಿಲಿಮೀಟರ್ ಅಗಲದ ಬೆಳ್ಳಿ ನಾಣ್ಯ. ಒಂದು ಕಡೆ ಆಸ್ಟ್ರಿಯಾದ ರಾಣಿ ಮರಿಯಾ ತೆರೇಸಾ, ಇನ್ನೊಂದು ಕಡೆ ಎದೆಯ ಮೇಲೆ ಗುರಾಣಿ ಹೊತ್ತ ಎರಡು ತಲೆಯ ಹದ್ದು. ಇಸವಿ 1780. ಇನ್ನೂರು ವರ್ಷದ ಹಿಂದಿನದು ಎಂದು ಕಂಡಕಂಡವರಿಗೆಲ್ಲ ತೋರಿಸಿಕೊಂಡು ಓಡಾಡಿದೆ. ಆಮೇಲೆ ತಿಳಿಯಿತು, ರಾಣಿ ತೀರಿಕೊಂಡ ವರ್ಷ ಅದು. ಅರಬ್ಬಿ ವ್ಯಾಪಾರಿಗಳಿಗೂ ಇಥಿಯೋಪಿಯಾದವರಿಗೂ ಈ ನಾಣ್ಯದ ಮೇಲೆ ಎಷ್ಟು ನಂಬಿಕೆಯೆಂದರೆ, ಅವಳು ಸತ್ತ ಮೇಲೂ ಅದೇ ಮುಖ, ಅದೇ ಇಸವಿ ಹಾಕಿ ಟಂಕಿಸುತ್ತಲೇ ಹೋದರು. ವಿಯೆನ್ನಾ, ರೋಮ್, ಲಂಡನ್. 1940–41ರಲ್ಲಿ ನಮ್ಮ ಬಾಂಬೆ ಟಂಕಸಾಲೆಯಲ್ಲೂ! ಇಥಿಯೋಪಿಯಾದಲ್ಲಿ ಇಟಲಿಯ ವಿರುದ್ಧ ಕಾದಾಡುತ್ತಿದ್ದ ಬ್ರಿಟಿಷರಿಗೆ ಅಲ್ಲಿ ನಡೆಯುವ ಹಣ ಬೇಕಿತ್ತಲ್ಲ.

ಅದಕ್ಕೇ ಹೇಳುವುದು, ಇಸವಿ ನೋಡಿ ಬೆಲೆ ಕಟ್ಟಬೇಡ, ಹದ್ದಿನ ಬಾಲ ನೋಡು. ಬಾಲದ ಗರಿ ಜೋಡಿಸಿರುವ ರೀತಿ ಎಲ್ಲ ಟಂಕಸಾಲೆಯಲ್ಲೂ ಒಂದೇ ಅಲ್ಲ. ಬಲ್ಲವರು ಭೂತಗನ್ನಡಿ ಹಿಡಿದು ಅದರಿಂದಲೇ ಊರು ಹೇಳುತ್ತಾರೆ. ಅಸಲಿಯೋ ಅಲ್ಲವೋ ಎಂಬ ಅನುಮಾನ ಬಂದರೆ ಬೆಳ್ಳಿ ಅಂಗಡಿಯ ತಕ್ಕಡಿಗೆ ಹಾಕಿಸು, 28 ಗ್ರಾಮಿನ ಮೇಲೆ ಚೂರು ತೂಗಬೇಕು. ಅಂಚನ್ನೂ ತಿರುಗಿಸಿ ನೋಡು, ನ್ಯಾಯ ಮತ್ತು ದಯೆ ಎಂಬರ್ಥದ ಲ್ಯಾಟಿನ್ ಅಕ್ಷರಗಳು ಉಬ್ಬಿ ನಿಂತಿರುತ್ತವೆ.

ಇಷ್ಟೆಲ್ಲ ಹೇಳುವ ನನಗೆ ನನ್ನ ನಾಣ್ಯ ಯಾವ ಊರಿನದು ಅಂತ ಗೊತ್ತಿಲ್ಲ. ಯಾಕೆ ಕೇಳು. ಪ್ರತಿ ದೀಪಾವಳಿಗೂ ಹಿತ್ತಾಳೆ ದೀಪಗಳ ಜೊತೆ ಅದಕ್ಕೂ ಹುಣಸೆಹಣ್ಣು, ಇಟ್ಟಿಗೆಪುಡಿ ಹಚ್ಚಿ ತಿಕ್ಕಿ ಫಳಫಳ ಮಾಡುತ್ತಿದ್ದೆ. ರಾಣಿಯ ಕೆನ್ನೆ ನುಣ್ಣಗಾಯಿತು, ಬಾಲದ ಗರಿ ಸವೆದೇ ಹೋಯಿತು. ಹಳೇ ಬೆಳ್ಳಿಯ ಮೇಲಿನ ಕಪ್ಪು ಕೊಳೆಯಲ್ಲ ಪುಟ್ಟೀ, ಅದನ್ನು ಮುಟ್ಟಬೇಡ. ನಾಣ್ಯವನ್ನು ಅಂಚಿನಲ್ಲಿ ಹಿಡಿ. ಮೆತ್ತಗಿನ ಪಿವಿಸಿ ಹಾಳೆಯ ಆಲ್ಬಮ್ಮಂತೂ ಬೇಡವೇ ಬೇಡ, ವರ್ಷ ಕಳೆದಂತೆ ಹಸಿರು ಜಿಗುಟು ಹತ್ತುತ್ತದೆ.

ಎರಡು ತಲೆ ಅಂದ ಕೂಡಲೇ ನಮ್ಮ ಗಂಡಭೇರುಂಡ ನೆನಪಾಗಿರಬೇಕು ನಿನಗೆ. ಅದು ಹದ್ದೋ ಅಲ್ಲವೋ ಎಂದು ವಾದಕ್ಕೆ ಕೂರುವವರಿದ್ದಾರೆ; ನಾನಂತೂ ಅದನ್ನು ನಿನ್ನ ಪಟ್ಟಿಗೆ ಸೇರಿಸಿಬಿಟ್ಟೆ. 1529ರಿಂದ 1542ರವರೆಗೆ ಆಳಿದ ವಿಜಯನಗರದ ಅಚ್ಯುತದೇವರಾಯನ ಚಿನ್ನದ ವರಾಹ ಸುಮಾರು 3.4 ಗ್ರಾಂ, ಕಿರುಬೆರಳ ಉಗುರಿನಷ್ಟು. ಅಷ್ಟು ಜಾಗದಲ್ಲಿ ಹಕ್ಕಿ ಕೊಕ್ಕಿನಲ್ಲೂ ಉಗುರಿನಲ್ಲೂ ಆನೆಗಳನ್ನು ಹಿಡಿದಿದೆ. ಹಿಂದೆ ನಾಗರಿ ಲಿಪಿಯಲ್ಲಿ ರಾಯನ ಹೆಸರು. ಅಚ್ಚು ಕೆತ್ತಿದವನ ಕಣ್ಣು ಎಂಥದ್ದಿರಬೇಕು! ಇದನ್ನು ಮ್ಯೂಸಿಯಮ್ಮಿನ ಗಾಜಿನಾಚೆ ನೋಡಿದರೆ ಸಾಕು. ಕೊಳ್ಳುವ ಆಸೆ ಬೇಡ, ನಕಲಿ ಬಹಳ. ನೂರು ವರ್ಷ ದಾಟಿದ ನಾಣ್ಯವನ್ನು ದೇಶದಾಚೆ ಒಯ್ಯಲು 1972ರ ಪುರಾವಸ್ತು ಕಾಯ್ದೆ ಬಿಡುವುದಿಲ್ಲ; ಚಿಕ್ಕಪ್ಪನಿಗೂ ಇದನ್ನು ಹೇಳಿಡು. ಯಾರಾದರೂ ಹೊಲ ಉಳುವಾಗ ಸಿಕ್ಕಿದ್ದು ಎಂದು ಗುಟ್ಟಾಗಿ ತೋರಿಸಿದರೆ ಕೈ ಹಿಂದೆ ಕಟ್ಟಿಕೊಂಡು ನೋಡಿ ಬಾ. 1878ರ ನಿಧಿ ಕಾಯ್ದೆಯ ಪ್ರಕಾರ 10 ರೂಪಾಯಿ ಮೀರಿದ ನಿಧಿ ಸಿಕ್ಕರೂ ಕಲೆಕ್ಟರಿಗೆ ತಿಳಿಸಬೇಕು.

ಭಾನುವಾರ ಬಾ. ಭೂತಗನ್ನಡಿ ನನ್ನ ಹತ್ತಿರವೇ ಇದೆ. ನಿನ್ನ ಎಳೆಗಣ್ಣಿಗಾದರೂ ಆ ಬಾಲದಲ್ಲಿ ಒಂದೆರಡು ಗರಿ ಕಂಡೀತೇನೋ, ಬಾಂಬೆಯದೋ ಅಲ್ಲವೋ ನೋಡೋಣ.