ನೂರಕ್ಕೆ ನೂರು ಏಕೆ ದುರ್ಲಭ?

ಎಸ್.ಎಸ್.ಎಲ್.ಸಿ. ಪರೀಕ್ಷೆಯ ಫಲಿತಾಂಶ ಹೊರಬಿದ್ದ ಮರುದಿನ, 625ಕ್ಕೆ 625 ಅಂಕ ಗಳಿಸಿದ ವಿದ್ಯಾರ್ಥಿಗಳ ಭಾವಚಿತ್ರಗಳು ಪತ್ರಿಕೆಗಳಲ್ಲಿ ಅಚ್ಚಾಗುತ್ತವೆ. ಅದು ಸಂತೋಷದ ಸಂಗತಿಯೇ ಸರಿ. ಆದರೆ ಅದೇ ದಿನ 622 ಅಥವಾ 619 ಅಂಕ ಪಡೆದ ಎಷ್ಟೋ ಮಕ್ಕಳು ಮುಖ ಬಾಡಿಸಿಕೊಂಡು ಕುಳಿತಿರುವುದನ್ನೂ, ‘ಉಳಿದ ಅಂಕ ಎಲ್ಲಿ ಹೋಯಿತು?’ ಎಂದು ಹಿರಿಯರು ಅವರನ್ನು ಕೇಳುವುದನ್ನೂ ನಾವು ಕಾಣುತ್ತೇವೆ. ಈ ಪ್ರಶ್ನೆ ಅಷ್ಟು ಸುಲಭವಾದುದಲ್ಲ. ಅಂಕವೆಂಬುದು ಒಂದು ಅಳತೆ. ಅಳತೆಗಳ ಗುಣದೋಷಗಳನ್ನು ವಿಚಾರಿಸುವುದಕ್ಕೆ ವಿಜ್ಞಾನದಲ್ಲಿ ಒಂದು ಕ್ರಮವಿದೆ. ಆ ಕ್ರಮದಿಂದಲೇ ಈ ಪ್ರಶ್ನೆಯನ್ನು ಪರಿಶೀಲಿಸೋಣ.

ಉಡುಪಿ ಜಿಲ್ಲೆಯು ಈ ಪರೀಕ್ಷೆಗಳಲ್ಲಿ ಹೆಸರು ಗಳಿಸಿದುದಾಗಿದೆ. 2024ರ ಎಸ್.ಎಸ್.ಎಲ್.ಸಿ. ಪರೀಕ್ಷೆಯಲ್ಲಿ ಶೇಕಡಾ 94 ಮಂದಿ ತೇರ್ಗಡೆಯಾಗಿ, ಅದು ರಾಜ್ಯದಲ್ಲಿ ಮೊದಲನೆಯ ಸ್ಥಾನ ಪಡೆಯಿತು. 2025ರ ದ್ವಿತೀಯ ಪಿ.ಯು.ಸಿ. ಪರೀಕ್ಷೆಯಲ್ಲಿಯೂ ಶೇಕಡಾ 93.90ರೊಂದಿಗೆ ಮೊದಲನೆಯದಾಯಿತು. ಹೀಗಿದ್ದರೂ 2024ರಲ್ಲಿ ಇಡೀ ರಾಜ್ಯದ ಎಂಟು ಲಕ್ಷಕ್ಕೂ ಮಿಕ್ಕಿದ ಎಸ್.ಎಸ್.ಎಲ್.ಸಿ. ಪರೀಕ್ಷಾರ್ಥಿಗಳಲ್ಲಿ ಪೂರ್ಣಾಂಕ ಪಡೆದವರು ಒಬ್ಬರೇ. ಅವರು ಬಾಗಲಕೋಟೆ ಜಿಲ್ಲೆಯ ವಿದ್ಯಾರ್ಥಿನಿ. ಬಹುಮಂದಿ ತೇರ್ಗಡೆಯಾಗುವುದು ಬೇರೆ, ಒಬ್ಬರು ಒಂದು ಅಂಕವನ್ನೂ ಕಳೆದುಕೊಳ್ಳದಿರುವುದು ಬೇರೆ ಎಂಬುದು ಇದರಿಂದ ವಿದಿತವಾಗುತ್ತದೆ.

ಒಂದು ಸಣ್ಣ ಲೆಕ್ಕ

ಎಸ್.ಎಸ್.ಎಲ್.ಸಿ.ಯಲ್ಲಿ ಪ್ರಥಮ ಭಾಷೆಗೆ 125, ಉಳಿದ ಐದು ವಿಷಯಗಳಿಗೆ ತಲಾ 100 ಅಂಕಗಳು. ಇವುಗಳಲ್ಲಿ ಶಾಲೆಯ ಆಂತರಿಕ ಮೌಲ್ಯಮಾಪನದ 125 ಅಂಕಗಳನ್ನು ಕಳೆದರೆ, ಲಿಖಿತ ಪರೀಕ್ಷೆಗೆ ಉಳಿಯುವುದು 500. ಆರು ಪತ್ರಿಕೆಗಳಲ್ಲಿ ಉತ್ತರಿಸಬೇಕಾದ ಪ್ರಶ್ನೆಗಳು ಒಟ್ಟು ಇನ್ನೂರಕ್ಕೂ ಹೆಚ್ಚು. ಲೆಕ್ಕದ ಅನುಕೂಲಕ್ಕಾಗಿ ಇನ್ನೂರು ಎಂದೇ ಇಟ್ಟುಕೊಳ್ಳೋಣ.

ಈಗ ಬಹಳ ಚೆನ್ನಾಗಿ ಓದಿಕೊಂಡಿರುವ ಒಬ್ಬ ವಿದ್ಯಾರ್ಥಿಯನ್ನು ಊಹಿಸೋಣ. ಅವನು ನೂರು ಪ್ರಶ್ನೆಗಳಲ್ಲಿ ಸರಾಸರಿ ತೊಂಬತ್ತೊಂಬತ್ತಕ್ಕೆ ಯಾವ ಕೊರತೆಯೂ ಇಲ್ಲದೆ ಉತ್ತರ ಬರೆಯಬಲ್ಲ. ಅಂದರೆ ಒಂದು ಪ್ರಶ್ನೆಯಲ್ಲಿ ಅವನು ಪೂರ್ಣಾಂಕ ಪಡೆಯುವ ಸಂಭವ 0.99. ಎರಡು ಪ್ರಶ್ನೆಗಳಲ್ಲಿಯೂ ಪಡೆಯುವ ಸಂಭವ 0.99ನ್ನು 0.99ರಿಂದ ಗುಣಿಸಿದಷ್ಟು. ಇನ್ನೂರು ಪ್ರಶ್ನೆಗಳಲ್ಲಿಯೂ ಪಡೆಯಬೇಕಾದರೆ 0.99ನ್ನು ಇನ್ನೂರು ಸಲ ಬರೆದು ಗುಣಿಸಬೇಕು. ಬರುವ ಉತ್ತರ ಸುಮಾರು 0.13. ನೂರಕ್ಕೆ ತೊಂಬತ್ತೊಂಬತ್ತು ಬಲ್ಲವನಿಗೂ ಪೂರ್ಣಾಂಕ ದೊರೆಯುವ ಸಂಭವ ನೂರರಲ್ಲಿ ಹದಿಮೂರು ಮಾತ್ರ! ಒಂದು ಪ್ರಶ್ನೆಯ ಸಂಭವ 0.98 ಆದರೆ ಇದು ನೂರರಲ್ಲಿ ಎರಡಕ್ಕೂ ಕಡಿಮೆಯಾಗುತ್ತದೆ, 0.97 ಆದರೆ ಸಾವಿರದಲ್ಲಿ ಎರಡಕ್ಕೆ ಇಳಿಯುತ್ತದೆ.

ಒಂದು ಪ್ರಶ್ನೆಯ ತಪ್ಪು ಮತ್ತೊಂದನ್ನು ಬಾಧಿಸುವುದಿಲ್ಲವೆಂದು ನಾವು ಇಲ್ಲಿ ಭಾವಿಸಿದ್ದೇವೆ. ವಾಸ್ತವದಲ್ಲಿ ಒಂದು ಲೆಕ್ಕ ಕೈಕೊಟ್ಟರೆ ಹುಟ್ಟುವ ಗಾಬರಿ ಮುಂದಿನದನ್ನೂ ಕೆಡಿಸಬಹುದು. ಆದರೂ ವಿಷಯದ ತಿರುಳನ್ನು ತಿಳಿಯಲು ಈ ಲೆಕ್ಕ ಸಾಕು.

ಸಮಾನರಾದ ನೂರು ಮಂದಿ

ಇದೇ ಲೆಕ್ಕವನ್ನು ಇನ್ನೊಂದು ಬಗೆಯಿಂದ ನೋಡೋಣ. ಮಣಿಪಾಲ, ಕಾಪು, ಕಾರ್ಕಳದ ಶಾಲೆಗಳಿಂದ ಮೇಲೆ ಹೇಳಿದ ವಿದ್ಯಾರ್ಥಿಯಂತೆಯೇ ಬಲ್ಲ ನೂರು ಮಂದಿಯನ್ನು ಆಯ್ದೆವೆನ್ನಿ. ಅವರ ಜ್ಞಾನದಲ್ಲಿ ಕೂದಲೆಳೆಯಷ್ಟೂ ಭೇದವಿಲ್ಲ. ಪರೀಕ್ಷೆ ಮುಗಿದಾಗ ಅವರಲ್ಲಿ ಸುಮಾರು 13 ಮಂದಿ ಎಲ್ಲಿಯೂ ತಪ್ಪಿರುವುದಿಲ್ಲ. 27 ಮಂದಿ ಒಂದು ಪ್ರಶ್ನೆಯಲ್ಲಿ, ಇನ್ನು 27 ಮಂದಿ ಎರಡರಲ್ಲಿ, 18 ಮಂದಿ ಮೂರರಲ್ಲಿ, 9 ಮಂದಿ ನಾಲ್ಕರಲ್ಲಿ ತಪ್ಪಿರುತ್ತಾರೆ. ಉಳಿದ ಐದಾರು ಮಂದಿ ಐದು ಅಥವಾ ಹೆಚ್ಚು ಪ್ರಶ್ನೆಗಳಲ್ಲಿ ಎಡವಿರುತ್ತಾರೆ. ಮಣಿಪಾಲದವನಿಗೆ 625, ಕಾಪುವಿನವಳಿಗೆ 622, ಕಾರ್ಕಳದವನಿಗೆ 619 ಬಂದರೆ, ಲೋಕವು ಮೊದಲನೆಯವನನ್ನು ಮೇಧಾವಿಯೆಂದೂ ಮೂರನೆಯವನನ್ನು ಅಜಾಗರೂಕನೆಂದೂ ಕರೆದೀತು. ಆದರೆ ಮೂವರೂ ಸಮಾನರೇ.

ಕಾರ್ಕಳದ ಗೊಮ್ಮಟನ ದೃಷ್ಟಾಂತವನ್ನು ತೆಗೆದುಕೊಳ್ಳೋಣ. 1432ರಲ್ಲಿ ಪ್ರತಿಷ್ಠಾಪಿತವಾದ ಆ ಏಕಶಿಲಾ ಮೂರ್ತಿಯ ಎತ್ತರ ಸುಮಾರು 42 ಅಡಿ. ಹಲವು ವಿದ್ಯಾರ್ಥಿಗಳು ನೆರಳನ್ನು ಅಳೆದು ಅದರ ಎತ್ತರವನ್ನು ಕಂಡುಹಿಡಿಯಲು ಹೊರಟರೆ ಒಬ್ಬನಿಗೆ 41½ ಅಡಿ, ಇನ್ನೊಬ್ಬನಿಗೆ 42¼ ಅಡಿ ಬಂದೀತು. ಮೂರ್ತಿ ಬೆಳೆಯಿತು, ಕುಗ್ಗಿತು ಎಂದು ಯಾರೂ ಹೇಳುವುದಿಲ್ಲ. ಅಳತೆಯಲ್ಲಿ ಅಷ್ಟು ದೋಷವಿದೆ ಎನ್ನುತ್ತೇವೆ. ಒಂದು ಮೀಟರ್ ಉದ್ದದ ಲೋಲಕವು 20 ಸಲ ತೂಗುವ ಕಾಲವನ್ನು ನಾಲ್ಕು ಸಲ ಗುರುತಿಸಿದರೆ 40.2, 39.9, 40.1, 40.2 ಸೆಕೆಂಡುಗಳು ಬರಬಹುದು. ಸರಾಸರಿಯಾದ 40.1ನ್ನು ನಾವು ಸ್ವೀಕರಿಸುತ್ತೇವೆ. ಪ್ರಯೋಗಶಾಲೆಯಲ್ಲಿ ಒಂದೇ ಒಂದು ವಾಚನವನ್ನು ನಂಬಬಾರದೆಂದು ಕಲಿಸುವ ನಾವು, ವರ್ಷದ ಪರೀಕ್ಷೆಯ ಒಂದು ವಾಚನದಿಂದ ಮಕ್ಕಳ ಯೋಗ್ಯತೆಯನ್ನು ನಿರ್ಣಯಿಸುವುದು ಸೋಜಿಗವಲ್ಲವೇ?

ಅಳೆಯುವವರೂ ಮನುಷ್ಯರೇ

ತಪ್ಪೆಲ್ಲ ವಿದ್ಯಾರ್ಥಿಯದೇ ಎನ್ನುವಂತಿಲ್ಲ. ಇಂಗ್ಲೆಂಡಿನ ಎಜ್‌ವರ್ತ್ ಎಂಬ ವಿದ್ವಾಂಸರು ಪರೀಕ್ಷೆಗಳಲ್ಲಿ ಆಕಸ್ಮಿಕದ ಪಾತ್ರವನ್ನು 1888ರಷ್ಟು ಹಿಂದೆಯೇ ಸಂಖ್ಯಾಶಾಸ್ತ್ರದ ಮೂಲಕ ಚರ್ಚಿಸಿದ್ದರು. 1913ರಲ್ಲಿ ಅಮೆರಿಕದ ಸ್ಟಾರ್ಚ್ ಮತ್ತು ಎಲಿಯಟ್ ಎಂಬವರು ರೇಖಾಗಣಿತದ ಒಂದೇ ಉತ್ತರಪತ್ರಿಕೆಯ ಪ್ರತಿಗಳನ್ನು ನೂರಕ್ಕೂ ಹೆಚ್ಚು ಉಪಾಧ್ಯಾಯರಿಗೆ ತೋರಿಸಿದರು. ಅವರು ಕೊಟ್ಟ ಅಂಕಗಳು 28ರಿಂದ 95ರವರೆಗೆ ಹರಡಿಕೊಂಡಿದ್ದವು! 1935ರಲ್ಲಿ ಹಾರ್ಟಾಗ್ ಮತ್ತು ರೋಡ್ಸ್ ಪ್ರಕಟಿಸಿದ ಪರಿಶೀಲನೆಯಲ್ಲಿ ಹದಿನಾಲ್ಕು ಮಂದಿ ಪರೀಕ್ಷಕರು ಹದಿನೈದು ಇತಿಹಾಸದ ಉತ್ತರಪತ್ರಿಕೆಗಳನ್ನು ಒಂದು ವರ್ಷಕ್ಕೂ ಹೆಚ್ಚು ಕಾಲ ಕಳೆದ ಮೇಲೆ ಮತ್ತೆ ತಿದ್ದಿದರು. 210 ತೀರ್ಪುಗಳಲ್ಲಿ 92 ಬದಲಾದವು. ನಮ್ಮಲ್ಲಿ ಈಗ ಮಾದರಿ ಉತ್ತರಗಳೂ ಹಂತಹಂತವಾಗಿ ಅಂಕ ಕೊಡುವ ಪದ್ಧತಿಯೂ ಇರುವುದರಿಂದ ಇಂಥ ಅಂತರಗಳು ಬಹಳ ತಗ್ಗಿವೆ, ಮರುಮೌಲ್ಯಮಾಪನಕ್ಕೂ ಅವಕಾಶವಿದೆ. ಆದರೂ ಪ್ರಬಂಧಕ್ಕೆ ನಾಲ್ಕೋ ಐದೋ ಎಂಬಲ್ಲಿ ಇಬ್ಬರು ಪ್ರಾಮಾಣಿಕ ಪರೀಕ್ಷಕರು ಭಿನ್ನಾಭಿಪ್ರಾಯ ತಾಳಬಹುದು.

ಅಳತೆಗೋಲೂ ವರ್ಷದಿಂದ ವರ್ಷಕ್ಕೆ ಬದಲಾಗುತ್ತದೆ. 625 ಪಡೆದವರು 2021ರಲ್ಲಿ 157, 2022ರಲ್ಲಿ 145, 2023ರಲ್ಲಿ 4, 2024ರಲ್ಲಿ 1, 2025ರಲ್ಲಿ 22. ಮಕ್ಕಳ ಬುದ್ಧಿ ಮೂರು ವರ್ಷಗಳಲ್ಲಿ ಹೀಗೆ ಕುಸಿದು ಮತ್ತೆ ಏರುವುದುಂಟೇ? 2021ರಲ್ಲಿ ಕೋವಿಡ್ ನಿಮಿತ್ತ ಎರಡೇ ದಿನಗಳಲ್ಲಿ ಬಹುಆಯ್ಕೆಯ ಪ್ರಶ್ನೆಗಳ ಸರಳ ಪರೀಕ್ಷೆ ನಡೆಯಿತು. 2024ರಲ್ಲಿ ಕ್ಯಾಮರಾಗಳ ಮೂಲಕ ಪರೀಕ್ಷಾ ಕೊಠಡಿಗಳ ಮೇಲೆ ಬಿಗಿಯಾದ ನಿಗಾ ಇಡಲಾಯಿತು. ಪೂರ್ಣಾಂಕ ಪಡೆದವರ ಸಂಖ್ಯೆಯು ಅವರ ಜಾಣ್ಮೆಯನ್ನಷ್ಟೇ ಅಲ್ಲದೆ, ಆ ವರ್ಷದ ಪರೀಕ್ಷೆಯ ಸ್ವರೂಪವನ್ನೂ ತಿಳಿಸುತ್ತದೆ.

ಹಾಗಾದರೆ ಶ್ರಮ ವ್ಯರ್ಥವೇ?

ಎಂದಿಗೂ ಅಲ್ಲ. ಒಂದು ಪ್ರಶ್ನೆಯ ಸಂಭವವನ್ನು 0.97ರಿಂದ 0.99ಕ್ಕೆ ಏರಿಸಿಕೊಂಡವನಿಗೆ ಪೂರ್ಣಾಂಕದ ಸಂಭವ ಸುಮಾರು ಅರುವತ್ತು ಪಟ್ಟು ಹೆಚ್ಚುತ್ತದೆ. ಇದಕ್ಕೆ ಹೊಸ ಪಾಠವನ್ನೇನೂ ಕಲಿಯಬೇಕಾಗಿಲ್ಲ. ವಿದ್ಯುತ್ ಪ್ರವಾಹದ ಲೆಕ್ಕದಲ್ಲಿ ಆಂಪಿಯರ್ ಎಂಬ ಮಾನವನ್ನು ಬರೆಯಲು ಮರೆಯುವುದು, ಮಸೂರದ ಸೂತ್ರದಲ್ಲಿ ಋಣ ಚಿಹ್ನೆಯನ್ನು ಬಿಡುವುದು, ಕಿರಣಚಿತ್ರದಲ್ಲಿ ಬಾಣದ ಗುರುತು ಹಾಕದಿರುವುದು, ‘ಎರಡು ಕಾರಣ ಕೊಡಿ’ ಎಂದಲ್ಲಿ ಒಂದನ್ನೇ ಬರೆಯುವುದು—ಇಂಥ ಸಣ್ಣ ಲೋಪಗಳಲ್ಲಿಯೇ ಅಂಕಗಳು ಸೋರಿಹೋಗುತ್ತವೆ. ಪ್ರಶ್ನಪತ್ರಿಕೆಯನ್ನು ಓದಲೆಂದೇ ಕೊಡುವ 15 ನಿಮಿಷಗಳನ್ನೂ ಕೊನೆಯಲ್ಲಿ ಉಳಿಸಿಕೊಂಡ ಹತ್ತು ನಿಮಿಷಗಳನ್ನೂ ಸದುಪಯೋಗಪಡಿಸಿಕೊಂಡರೆ ಇವುಗಳಲ್ಲಿ ಬಹುಪಾಲನ್ನು ತಡೆಯಬಹುದು.

ಆದರೆ ಆರು ತಪ್ಪುಗಳನ್ನು ಎರಡಕ್ಕೆ ಇಳಿಸುವುದು ಒಂದು ಮಾತು, ಆ ಎರಡನ್ನೂ ಇಲ್ಲದಂತೆ ಮಾಡುವುದು ಬೇರೆ ಮಾತು. ಕೊನೆಯ ಎರಡು ಅಂಕಗಳಿಗಾಗಿ ಅದೇ ಪಾಠವನ್ನು ಐವತ್ತು ಸಲ ಉರುಹೊಡೆಯುವ ವಿದ್ಯಾರ್ಥಿಯು ಹೊಸದನ್ನು ತಿಳಿಯುವ ಕಾಲವನ್ನು ಅದಕ್ಕೆ ಬೆಲೆಯಾಗಿ ತೆರುತ್ತಾನೆ. ಪದವಿಪೂರ್ವ ಕಾಲೇಜಿಗೆ ಸೇರಲು ಎಸ್.ಎಸ್.ಎಲ್.ಸಿ. ಅಂಕ ಬೇಕು, ನಿಜ. ಆದರೆ 1953ರಲ್ಲಿ ಸ್ಥಾಪನೆಯಾದ ಮಣಿಪಾಲದ ವೈದ್ಯಕೀಯ ಕಾಲೇಜಿಗೆ ಮುಂದೆ ಸೇರಬೇಕಾದರೆ ಬರೆಯಬೇಕಾದುದು ರಾಷ್ಟ್ರೀಯ ಪ್ರವೇಶ ಪರೀಕ್ಷೆ. ಅಲ್ಲಿ ಹತ್ತನೆಯ ತರಗತಿಯ 622ಕ್ಕೂ 625ಕ್ಕೂ ಭೇದವಿಲ್ಲ. ವಿಷಯವನ್ನು ಅರಿತವನಿಗೂ ಅರಿಯದವನಿಗೂ ಭೇದವುಂಟು.

ನೀವೇ ಮಾಡಿನೋಡಿ

ಮೇಲಿನ ಲೆಕ್ಕದಲ್ಲಿ ಸಂದೇಹವಿರುವವರು ಒಂದು ಸುಲಭ ಪ್ರಯೋಗ ಮಾಡಬಹುದು. ಒಂದು ಚೀಲದಲ್ಲಿ ನೂರು ಹುಣಿಸೆ ಬೀಜಗಳನ್ನು ಹಾಕಿ, ಒಂದರ ಮೇಲೆ ಮಾತ್ರ ಸುಣ್ಣದ ಬೊಟ್ಟಿಡಿ. ಕಣ್ಣು ಮುಚ್ಚಿ ಒಂದು ಬೀಜವನ್ನು ತೆಗೆದು, ನೋಡಿ, ಮತ್ತೆ ಚೀಲಕ್ಕೆ ಹಾಕಿ ಚೆನ್ನಾಗಿ ಕುಲುಕಿರಿ. ಹೀಗೆ ಇನ್ನೂರು ಸಲ ಮಾಡಿ, ಬೊಟ್ಟಿನ ಬೀಜ ಎಷ್ಟು ಸಲ ಕೈಗೆ ಬಂತೆಂದು ಬರೆದಿಡಿ. ತರಗತಿಯ ನಲವತ್ತು ಮಂದಿಯೂ ಇದನ್ನು ಮಾಡಿದರೆ, ಅದು ಒಮ್ಮೆಯೂ ಕೈಗೆ ಬಾರದವರು ಸುಮಾರು ಐದು ಮಂದಿ ಇರುತ್ತಾರೆ. ಉಳಿದ ಮೂವತ್ತೈದು ಮಂದಿಗಿಂತ ಅವರು ಹೆಚ್ಚು ಓದಿದವರೇ ಎಂಬುದನ್ನು ಆಗ ತರಗತಿಯಲ್ಲಿಯೇ ಚರ್ಚಿಸಬಹುದು.