ಚಲಿಸುವ ಮನೆಯ ಚಕ್ರಗಳು

ಮನೆಯೆಂದರೆ ನೆಲದಲ್ಲಿ ಬೇರೂರಿ ನಿಂತ ಕಟ್ಟಡವೆಂಬುದು ಸಾಮಾನ್ಯ ಭಾವನೆ. ಆದರೆ ಒಡೆಯನು ಹೋದೆಡೆಗೆಲ್ಲ ಅವನ ಬೆನ್ನ ಹಿಂದೆಯೇ ಸಾಗುವ ಮನೆಗಳೂ ಉಂಟು. ಅಮೆರಿಕ ಸಂಯುಕ್ತ ಸಂಸ್ಥಾನದ ಹೆದ್ದಾರಿಗಳಲ್ಲಿ ಇಂತಹ ಮನೆಗಳು ಪದೇ ಪದೇ ಕಣ್ಣಿಗೆ ಬೀಳುತ್ತವೆ. ಅಲ್ಲಿಯ ಜನರು ಇವನ್ನು ‘ಟ್ರಾವೆಲ್ ಟ್ರೈಲರ್’ ಎಂದು ಕರೆಯುತ್ತಾರೆ. ಟ್ರೈಲರಿಗೆ ತನ್ನದೇ ಆದ ಎಂಜಿನ್ ಇಲ್ಲ. ಮುಂದಿರುವ ಮೋಟಾರು ವಾಹನವು ಅದನ್ನು ಎಳೆದೊಯ್ಯುತ್ತದೆ. ಒಳಗೆ ಮಂಚ, ಒಲೆ, ನೀರಿನ ತೊಟ್ಟಿ, ಸ್ನಾನದ ಮನೆ ಎಲ್ಲವೂ ಇರುತ್ತವೆ. ರಜೆಯಲ್ಲಿ ಮಕ್ಕಳೊಡನೆ ಬೆಟ್ಟ ಕಾಡುಗಳನ್ನು ನೋಡಹೊರಟವರು, ನಿವೃತ್ತರಾದ ಬಳಿಕ ದೇಶವನ್ನು ಸುತ್ತುವ ದಂಪತಿಗಳು, ಕೆಲಸವನ್ನು ಅರಸಿ ಊರಿಂದೂರಿಗೆ ಹೋಗುವವರು ಇದನ್ನು ತಮ್ಮ ಬೀಡಾಗಿ ಮಾಡಿಕೊಳ್ಳುತ್ತಾರೆ.

ಈ ಮನೆಗೆ ಅಡಿಪಾಯ ಯಾವುದು? ಗಾಳಿ ತುಂಬಿದ ನಾಲ್ಕು ರಬ್ಬರಿನ ಟೈರುಗಳು. ಸಾಮಾನು ತುಂಬಿದ ಟ್ರೈಲರೊಂದು 3000 ಕಿಲೋಗ್ರಾಂ ತೂಗುತ್ತದೆ ಎಂದು ಭಾವಿಸೋಣ. ಅದರಲ್ಲಿ ಹತ್ತನೆಯ ಒಂದು ಪಾಲನ್ನು ಎಳೆಯುವ ವಾಹನದ ಕೊಂಡಿಯು ಹೊತ್ತರೆ, ಉಳಿದ 2700 ಕಿಲೋಗ್ರಾಂ ಭಾರವು ನಾಲ್ಕು ಟೈರುಗಳ ಪಾಲಿಗೆ ಬರುತ್ತದೆ. ಒಂದೊಂದಕ್ಕೆ 675 ಕಿಲೋಗ್ರಾಂ. ಇಂತಹ ಟ್ರೈಲರುಗಳಿಗೆ ಬಳಸುವ ಒಂದು ಬಗೆಯ ಟೈರು ಹೊರಬಲ್ಲ ಗರಿಷ್ಠ ಭಾರವು ಸುಮಾರು 800 ಕಿಲೋಗ್ರಾಂ. ಉಳಿದಿರುವ ಅಂತರವು ಎಷ್ಟು ಕಿರಿದೆಂಬುದನ್ನು ಗಮನಿಸಿರಿ.

ರಬ್ಬರು ಕಲ್ಲು ಕಬ್ಬಿಣಗಳಂತೆ ಸ್ಥಿರವಾದ ವಸ್ತುವಲ್ಲ. ಮರದ ಹಾಲಿನಿಂದ ದೊರೆತ ಹಸಿ ರಬ್ಬರು ಸೆಕೆಗೆ ಅಂಟಾಗುತ್ತದೆ, ಚಳಿಗೆ ಪೆಡಸಾಗುತ್ತದೆ. ಅದಕ್ಕೆ ಗಂಧಕವನ್ನು ಬೆರೆಸಿ ಕಾಯಿಸಿದರೆ ಈ ದೋಷವು ನೀಗುವುದೆಂಬುದನ್ನು ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ ಎಂಬಾತನು 1839ರಲ್ಲಿ ಕಂಡುಕೊಂಡನು. 1888ರಲ್ಲಿ ಜಾನ್ ಬಾಯ್ಡ್ ಡನ್‌ಲಪ್ ಎಂಬ ಪಶುವೈದ್ಯನು ಗಾಳಿ ತುಂಬಿದ ಟೈರನ್ನು ರೂಪಿಸಿ ಬಳಕೆಗೆ ತಂದನು. ಅಂದಿನಿಂದ ಟೈರು ಬಹುವಾಗಿ ಸುಧಾರಿಸಿದೆ. ಆದರೂ ರಬ್ಬರಿಗೆ ಮುಪ್ಪು ತಪ್ಪಿದ್ದಲ್ಲ.

ದಿನವೂ ಓಡುವ ಕಾರಿನ ಟೈರು ನೆಲಕ್ಕೆ ಉಜ್ಜಿ ಉಜ್ಜಿ ಸವೆಯುತ್ತದೆ. ಮೈಮೇಲಿನ ಗೀರುಗಳು ಮಾಸಿದೊಡನೆ ಅದರ ಕಾಲ ಮುಗಿಯಿತೆಂದು ಯಾರಾದರೂ ಹೇಳಬಹುದು. ಟ್ರೈಲರಿನ ಟೈರಿನ ಸಂಗತಿ ಬೇರೆ. ಟ್ರೈಲರು ವರುಷದ ಬಹುಪಾಲು ಅಂಗಳದಲ್ಲಿ ಸುಮ್ಮನೆ ನಿಂತಿರುತ್ತದೆ. ಆಗ ಬಿಸಿಲೂ ಗಾಳಿಯಲ್ಲಿನ ಆಮ್ಲಜನಕ ಮತ್ತು ಓಜೋನ್ ಅನಿಲಗಳೂ ರಬ್ಬರನ್ನು ಮೆಲ್ಲಮೆಲ್ಲನೆ ಕೆಡಿಸುತ್ತವೆ. ಇದನ್ನು ತಡೆಯಲೆಂದು ತಯಾರಕರು ರಬ್ಬರಿನೊಳಗೆ ಮೇಣದಂತಹ ರಕ್ಷಕ ವಸ್ತುಗಳನ್ನು ಬೆರೆಸಿರುತ್ತಾರೆ. ಟೈರು ಉರುಳಿ ಬಾಗುತ್ತಿದ್ದರೆ ಅವು ಹೊರಮೈಗೆ ಒಸರಿ ಕಾಪಾಡುತ್ತವೆ. ನಿಂತ ಟೈರಿಗೆ ಈ ರಕ್ಷಣೆಯು ಸಾಕಷ್ಟು ದೊರೆಯುವುದಿಲ್ಲ. ಹೀಗಾಗಿ ಗೀರುಗಳು ಹೊಸದರಂತೆ ಆಳವಾಗಿಯೇ ಇರುವಾಗಲೂ ಟೈರಿನ ಒಡಲು ಶಿಥಿಲವಾಗಿರಬಹುದು.

ಮುದಿಯಾದ ಟೈರಿನಲ್ಲಿ ಗಾಳಿಯೂ ಕಡಮೆಯಾಗಿದ್ದರೆ ಅಪಾಯವು ಇಮ್ಮಡಿಯಾಗುತ್ತದೆ. ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಟ್ರೈಲರಿನ ಚಕ್ರವು ಸೆಕೆಂಡಿಗೆ ಸುಮಾರು 13 ಸಲ ಸುತ್ತುತ್ತದೆ. ಪ್ರತಿ ಸುತ್ತಿನಲ್ಲಿಯೂ ನೆಲಕ್ಕೆ ತಗಲಿದ ಭಾಗವು ಚಪ್ಪಟೆಯಾಗಿ, ಮತ್ತೆ ಮೊದಲಿನ ಆಕಾರಕ್ಕೆ ಬರಬೇಕು. ಗಾಳಿ ಕಡಮೆಯಾದಷ್ಟೂ ಈ ಬಾಗುವಿಕೆ ಹೆಚ್ಚು. ಬಾಗುವಿಕೆ ಹೆಚ್ಚಿದಷ್ಟೂ ಶಾಖ ಹೆಚ್ಚು. ಶಾಖದಿಂದ ಟೈರಿನ ಪದರಗಳು ಒಂದರಿಂದೊಂದು ಬಿಡುತ್ತವೆ. ಕೊನೆಗೆ ಮೇಲಿನ ಪಟ್ಟಿಯು ಕಿತ್ತು ಚಾವಟಿಯಂತೆ ಬಡಿದು, ಟ್ರೈಲರಿನ ತಳವನ್ನೂ ಅಲ್ಲಿ ಹಾದುಹೋಗುವ ತಂತಿ ಕೊಳವೆಗಳನ್ನೂ ಹರಿದುಹಾಕಬಲ್ಲದು. ಟ್ರೈಲರು ಹಿಂದಿರುವುದರಿಂದ ಮುಂದಿನ ಚಾಲಕನಿಗೆ ಇದು ಒಡನೆಯೇ ತಿಳಿಯದೆ ಹೋಗಬಹುದು. ಅಷ್ಟರಲ್ಲಿ ಸತ್ತ ಟೈರಿನ ಹೊರೆಯ ಬಹುಪಾಲು ಅದೇ ಬದಿಯ ಜೊತೆ ಟೈರಿನ ಮೇಲೆ ಬೀಳುತ್ತದೆ. 800 ಕಿಲೋಗ್ರಾಂ ಹೊರಬಲ್ಲ ಆ ಟೈರು ಈ ಹೆಚ್ಚಿನ ಭಾರವನ್ನು ಎಷ್ಟು ದೂರ ತಾಳೀತು?

ಅಮೆರಿಕದಲ್ಲಿ 2000ದಲ್ಲಿ ಆದ ಶಾಸನದ ಫಲವಾಗಿ, ಟೈರಿನ ಗಾಳಿ ಕಡಮೆಯಾದರೆ ಚಾಲಕನನ್ನು ಎಚ್ಚರಿಸುವ ಸಾಧನವು ಅಲ್ಲಿಯ ಹೊಸ ಕಾರುಗಳಿಗೆ ಕಡ್ಡಾಯವಾಯಿತು. ಟ್ರೈಲರಿಗೆ ಆ ನಿಯಮವು ಅನ್ವಯಿಸಲಿಲ್ಲ. ಆದುದರಿಂದ ಒಡೆಯನು ಅಂತಹ ಸಾಧನವನ್ನು ತಾನೇ ಕೊಂಡು ಜೋಡಿಸಿಕೊಳ್ಳಬೇಕು. ಇಲ್ಲವೇ ಪ್ರತಿ ಪ್ರಯಾಣಕ್ಕೆ ಮುಂಚೆ, ಟೈರು ತಣ್ಣಗಿರುವಾಗಲೇ ಗಾಳಿಯನ್ನು ಅಳೆಯಬೇಕು.

ಟೈರಿನ ವಯಸ್ಸನ್ನು ಅರಿಯುವುದು ಕಷ್ಟವಲ್ಲ. ಅದರ ಜಾತಕವು ಅದರ ಪಕ್ಕೆಯ ಮೇಲೆಯೇ ಅಚ್ಚಾಗಿರುತ್ತದೆ. ‘ಎಸ್‌ಟಿ 205/75 ಆರ್ 14’ ಎಂಬ ಬರಹವನ್ನು ನೋಡಿರಿ. ‘ಎಸ್‌ಟಿ’ ಎಂದರೆ ಟ್ರೈಲರಿಗೆಂದೇ ತಯಾರಾದುದು. 205 ಎಂಬುದು ಮಿಲಿಮೀಟರುಗಳಲ್ಲಿ ಅಗಲ. 75 ಎಂಬುದು ಪಕ್ಕೆಯ ಎತ್ತರವು ಅಗಲದ ಶೇಕಡಾ ಎಷ್ಟೆಂಬುದರ ಸೂಚನೆ. ‘ಆರ್’ ಎಂಬುದು ಪದರಗಳ ರೇಡಿಯಲ್ ರಚನೆಯ ಗುರುತು. 14 ಎಂಬುದು ಅಂಗುಲಗಳಲ್ಲಿ ರಿಮ್ಮಿನ ವ್ಯಾಸ. ಇನ್ನೊಂದೆಡೆ ನಾಲ್ಕು ಅಂಕಿಗಳು ಕಾಣುತ್ತವೆ. ಅವು 3219 ಎಂದಿದ್ದರೆ ಆ ಟೈರು 2019ರ 32ನೆಯ ವಾರದಲ್ಲಿ ತಯಾರಾಯಿತೆಂದು ಅರ್ಥ. ಐದಾರು ವರುಷ ಕಳೆದ ಟ್ರೈಲರಿನ ಟೈರನ್ನು, ಅದು ನೋಟಕ್ಕೆ ಎಷ್ಟೇ ಚೆನ್ನಾಗಿದ್ದರೂ, ಬದಲಿಸುವುದು ಲೇಸೆಂದು ಅನುಭವಿಗಳು ಹೇಳುತ್ತಾರೆ. ಪಕ್ಕೆಯಲ್ಲಿ ಬಿರುಕು ಅಥವಾ ಉಬ್ಬು ಕಂಡರೆ ಅಷ್ಟು ಕಾಲವೂ ಕಾಯಬಾರದು.

ಬದಲಿಸುವ ಕೆಲಸಕ್ಕೂ ಒಂದು ಕ್ರಮವಿದೆ. ಟ್ರೈಲರು ಸಮನೆಲದಲ್ಲಿ, ಎಳೆಯುವ ವಾಹನದ ಕೊಂಡಿಗೆ ಸಿಕ್ಕಿಸಿದಂತೆಯೇ ನಿಂತಿರಬೇಕು. ಎದುರು ಬದಿಯ ಚಕ್ರಗಳಿಗೆ ಹಿಂದೆ ಮುಂದೆ ಅಡ್ಡಗಟ್ಟೆಗಳನ್ನು ಇಡಬೇಕು. ಚಕ್ರವು ನೆಲದ ಮೇಲಿರುವಾಗಲೇ ನಟ್ಟುಗಳನ್ನು ತುಸು ಸಡಿಲಿಸಬೇಕು. ಮೇಲೆತ್ತಿದ ಬಳಿಕ ಚಕ್ರವು ಸ್ಪ್ಯಾನರಿನೊಡನೆ ತಿರುಗಿಬಿಡುತ್ತದೆ. ತಯಾರಕರು ಗೊತ್ತುಮಾಡಿದ ಸ್ಥಳದಲ್ಲಿಯೇ ಜಾಕನ್ನು ಕೊಡಬೇಕು. ಅಚ್ಚಿನ ನಡುವೆ ಕೊಟ್ಟರೆ ಅದು ಬಾಗೀತು. ಜಾಕಿನ ಮೇಲೆ ನಿಂತ ಭಾರದ ಕೆಳಗೆ ಯಾರೂ ನುಸುಳಲಾಗದು. ಹೊಸ ಟೈರು ಹಳೆಯದರ ಅಳತೆಯದೇ ಆಗಿದ್ದು, ಅಷ್ಟೇ ಅಥವಾ ಅದಕ್ಕಿಂತ ಹೆಚ್ಚು ಭಾರವನ್ನು ಹೊರುವಂತಹುದಾಗಿರಬೇಕು. ನಟ್ಟುಗಳನ್ನು ಸಾಲಾಗಿ ಬಿಗಿಯದೆ, ಒಂದಾದ ಮೇಲೆ ಅದರ ಎದುರಿನದನ್ನು ಬಿಗಿಯುತ್ತ ಬಂದರೆ ಚಕ್ರವು ಸಮನಾಗಿ ಕೂರುತ್ತದೆ. ಹೊರಟ ಮೇಲೆ 10, 25 ಮತ್ತು 50 ಮೈಲಿಗಳಲ್ಲಿ ನಿಂತು ಅವುಗಳ ಬಿಗಿಯನ್ನು ಮತ್ತೆ ಪರೀಕ್ಷಿಸಬೇಕು. ಹೊಸದಾಗಿ ಕೂರಿಸಿದ ಚಕ್ರದ ನಟ್ಟುಗಳು ಓಟದಲ್ಲಿ ಸಡಿಲವಾಗುವುದುಂಟು.

ಈ ಕೆಲಸವನ್ನು ಅಂಗಳದಲ್ಲಿ ಮಾಡಿದರೆ ಒಂದು ಮುಂಜಾವಿನ ಶ್ರಮ ಮಾತ್ರ. ಇದನ್ನೇ ಹೆದ್ದಾರಿಯ ಅಂಚಿನಲ್ಲಿ, ಭಾರಿ ಲಾರಿಗಳು ಮೈ ಸವರಿದಂತೆ ಹಾದುಹೋಗುತ್ತಿರುವಾಗ, ಇರುಳಿನಲ್ಲೋ ಮಳೆಯಲ್ಲೋ ಮಾಡುವವನ ಪ್ರಾಣವೇ ಅಪಾಯಕ್ಕೆ ಸಿಲುಕುತ್ತದೆ. ಕಿತ್ತುಬಿದ್ದ ರಬ್ಬರಿನ ತುಂಡು ಹಿಂದೆ ಬರುವ ಅಪರಿಚಿತ ಪ್ರಯಾಣಿಕನಿಗೂ ಕೇಡು ತರಬಹುದು. ಕೋಟೆ ಸೂರೆ ಹೋದ ಮೇಲೆ ದಿಡ್ಡಿಯ ಬಾಗಿಲು ಹಾಕಿ ಪ್ರಯೋಜನವೇನು? ಟೈರು ಒಡೆಯುವ ಮುನ್ನವೇ ಅದರ ಪಕ್ಕೆಯ ಮೇಲಿನ ನಾಲ್ಕು ಅಂಕಿಗಳನ್ನು ಓದಿ ಬದಲಿಸುವವನು ತನ್ನ ಮನೆಯವರನ್ನೂ ದಾರಿಯಲ್ಲಿ ಎದುರಾಗುವ ಇತರರನ್ನೂ ಕಾಪಾಡುತ್ತಾನೆ.