ಒಂದು ಕಣ ಹೊಯ್ಗೆಯ ಲೆಕ್ಕ

ಬೆಂಗಳೂರಿನ ಎಚ್‌ಎಎಲ್ ತಯಾರಿಸಿದ ‘ಮಾರುತ್’ ಯುದ್ಧವಿಮಾನ ಮೊದಲು ಹಾರಿದ್ದು 1961ರ ಜೂನ್ 17ರಂದು. 1971ರ ಯುದ್ಧದಲ್ಲಿ ಅದು ರಾಜಸ್ಥಾನದ ಮರುಭೂಮಿಯ ಮೇಲೆ ಹೋರಾಡಿತು. ಮರಳುನಾಡಿನಲ್ಲಿ ನಿಂತ ಮಾರುತ್‌ನ ದೃಶ್ಯವನ್ನು ವಿಜ್ಞಾನ ಪ್ರದರ್ಶನಕ್ಕೆ ಮಾಡುವುದು ಹೇಗೆ?

ಅಳತೆ: 1:72 ಪ್ರಮಾಣ ಇಟ್ಟುಕೊಳ್ಳಿ. ವಿಮಾನದ ಉದ್ದ 15.87 ಮೀಟರ್, 72ರಿಂದ ಭಾಗಿಸಿದರೆ 22 ಸೆಂ.ಮೀ. ರೆಕ್ಕೆಗಳ ಹರವು 9 ಮೀಟರ್, ಅಂದರೆ 12.5 ಸೆಂ.ಮೀ.

ಬಣ್ಣ: ಹೊಸ ಬಣ್ಣದ ವಿಮಾನ ಆಟಿಕೆಯಂತೆ ಕಾಣುತ್ತದೆ. ಅಕ್ರಿಲಿಕ್ ಬಣ್ಣ, ಅದರ ಮೇಲೆ ಅಕ್ರಿಲಿಕ್ ವಾರ್ನಿಷ್ ಪೂರ್ತಿ ಒಣಗಲಿ. ಬಳಿಕ ಟರ್ಪೆಂಟೈನ್‌ನಲ್ಲಿ ತೆಳುವಾಗಿಸಿದ ಕಂದು ಆಯಿಲ್ ಪೇಂಟನ್ನು ತಗಡಿನ ಗೆರೆಗಳಿಗೆ ಹರಿಸಿ, ಹೆಚ್ಚಾದದ್ದನ್ನು ಮೂತಿಯಿಂದ ಬಾಲದ ಕಡೆಗೆ ಒರೆಸಿ. ಗಾಳಿ ಹರಿಯುವುದೂ ಹಾಗೆಯೇ. ಕೆಲಸ ಮಾಡುವಾಗ ಕಿಟಕಿ ತೆರೆದಿರಲಿ.

ನೆಲ: ಮನೆ ಕಟ್ಟಲು ತಂದ ಹೊಯ್ಗೆಯನ್ನು ಹಾಗೇ ಹಾಕಬೇಡಿ. ನಾನು ಮೊದಲು ಮಾಡಿದ ತಪ್ಪು ಅದೇ. 1 ಮಿ.ಮೀ. ಕಣ ಈ ಪ್ರಮಾಣದಲ್ಲಿ 7.2 ಸೆಂ.ಮೀ. ಕಲ್ಲು! ರನ್‌ವೇಯಲ್ಲಿ ಅಂಥ ಕಲ್ಲಿದ್ದರೆ ಜೆಟ್ ಎಂಜಿನ್‌ಗೇ ಅಪಾಯ. ತೆಳುಬಟ್ಟೆಯಲ್ಲಿ ಸೋಸಿದ ಧೂಳನ್ನು ಅಂಟು ಸವರಿದ ಹಲಗೆಯ ಮೇಲೆ ಉದುರಿಸಿ.

ನೀವೇ ಮಾಡಿ: 3.6 ಮೀಟರ್ ಎತ್ತರದ ಮರ ಇಲ್ಲಿ ಎಷ್ಟಿರಬೇಕು? (ಉತ್ತರ: 5 ಸೆಂ.ಮೀ.)